ಪರಂಗಿ ಎಲೆ ರಸ ಬೇಡ, ಬಿಸಿ ಅನ್ನ ಸಾಕು

ಸಂಪಾದಕರೇ,

ಬ್ಲಡ್ ಕ್ಯಾನ್ಸರ್ ಬಂದ ಮಗುವನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಪರಂಗಿ ಎಲೆ ರಸ, ಅಮೃತಬಳ್ಳಿ ಕಷಾಯ, ಬೀಟ್‌ರೂಟ್ ಜ್ಯೂಸ್ ತರುತ್ತಾರೆ. 'ಡೆಂಗಿಯಲ್ಲಿ ಇದರಿಂದ ಪ್ಲೇಟ್‌ಲೆಟ್ ಏರುತ್ತಲ್ವಾ, ಈ ಕಾಯಿಲೆಗೂ ಕೊಡಿ' ಅನ್ನುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದರಿಂದ ಮಗುವಿಗೆ ತೊಂದರೆಯೇ ಜಾಸ್ತಿ. ನನ್ನ ಮಗಳಿಗೆ ಬಂದದ್ದು ಎ.ಎಲ್.ಎಲ್. ಎಂಬ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ಬ್ಲಡ್ ಕ್ಯಾನ್ಸರ್. ವಾರ್ಡಿನಲ್ಲಿ ಅವಳಮ್ಮ, ಆಸ್ಪತ್ರೆ ಹತ್ತಿರದ ಬಾಡಿಗೆ ರೂಮಿನಲ್ಲಿ ಅಡುಗೆಗೆ ನಾನು. ಅದಕ್ಕೇ ಈ ಪತ್ರ.

ಈ ಕಾಯಿಲೆಯಲ್ಲಿ ರಕ್ತ ಕಡಿಮೆಯಾಗುವುದು ಊಟದಲ್ಲಿ ಕಬ್ಬಿಣ ಸಾಲದೆ ಅಲ್ಲ. ರಕ್ತ ತಯಾರಾಗುವ ಮೂಳೆಮಜ್ಜೆಯಲ್ಲೇ ಕೆಟ್ಟ ಕಣಗಳು ತುಂಬಿಕೊಂಡಿರುತ್ತವೆ. ಯಾವ ರಸ ಕುಡಿಸಿದರೂ ಅವು ಜಾಗ ಬಿಡುವುದಿಲ್ಲ. ಅವನ್ನು ಓಡಿಸುವುದು ಕೀಮೋ. ಕೀಮೋ ಆದ ಮೇಲೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಲೆಕ್ಕ 500ಕ್ಕಿಂತ ಕೆಳಗೆ ಇಳಿದಾಗ, ಎಲೆಗೆ ಅಂಟಿದ ಮಣ್ಣಿನಿಂದಲೂ ಸೋಂಕು ತಗುಲಬಹುದು. ಜ್ವರ ಬಂದರೆ ಮತ್ತೆ ಅಡ್ಮಿಟ್, ಮುಂದಿನ ಕೀಮೋ ಮುಂದಕ್ಕೆ. ಟಾನಿಕ್ಕೂ ಸುಮ್ನೆ ಕೊಡುವಂತಿಲ್ಲ. ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೆಲಸ ಮಾಡುವುದೇ ಫೋಲಿಕ್ ಆಸಿಡ್‌ಗೆ ಅಡ್ಡ ನಿಂತು. ಆ ಹೊತ್ತಿನಲ್ಲಿ ಫೋಲಿಕ್ ಆಸಿಡ್ ಇರುವ ವಿಟಮಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಲೇಬಾರದು.

ಹಾಗಾದರೆ ಊಟದಿಂದ ಏನು ಉಪಯೋಗ? ತುಂಬ ಇದೆ. ಕೀಮೋ ತಡೆದುಕೊಳ್ಳಲು ಮೈಯಲ್ಲಿ ಕಸುವು ಬೇಕು, ತೂಕ ಇಳಿಯಬಾರದು. ಸ್ಟೀರಾಯ್ಡ್ ಮಾತ್ರೆ ನಡೆಯುವ ವಾರಗಳಲ್ಲಿ ಮಗಳು ನಡುರಾತ್ರಿ ಎದ್ದು 'ಅಪ್ಪ, ಉಪ್ಪಿಟ್ಟು' ಅನ್ನುತ್ತಿದ್ದಳು. ಆಗ ಸಕ್ಕರೆ ಅಂಶವೂ ಏರುತ್ತದೆ, ಮೈ ಊದುತ್ತದೆ. ಅದಕ್ಕೆ ಚಿಪ್ಸ್, ಉಪ್ಪಿನಕಾಯಿ, ಸಿಹಿ ದೂರ. ಪೂರ್ತಿ ಬೆಂದ ಮೊಟ್ಟೆ, ರಾಗಿ ರೊಟ್ಟಿ, ತರಕಾರಿ ಹಾಕಿದ ಉಪ್ಪಿಟ್ಟು ಕೊಡುತ್ತಿದ್ದೆ. ಆಸ್ಪರಾಜಿನೇಸ್ ಎಂಬ ಕೀಮೋ ಇಂಜೆಕ್ಷನ್ ಇದ್ದಾಗ ತುಪ್ಪ, ಎಣ್ಣೆ ಕಡಿಮೆ ಮಾಡಿ ಎಂದರು. ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯವಿದೆಯಂತೆ.

ಆಮೇಲೆ ಬಾಯಿ ತುಂಬ ಹುಣ್ಣು. ಹುಳಿ, ಖಾರ ಸೋಕಿದರೆ ಅಳು. ಅಕ್ಕಿ, ಹೆಸರುಬೇಳೆ ನುಣ್ಣಗೆ ಬೇಯಿಸಿ, ಕಡೆದು, ಉಗುರುಬೆಚ್ಚಗೆ ಆರಿಸಿ ಕೊಟ್ಟರೆ ಒಂದಿಷ್ಟು ಇಳಿಯುತ್ತಿತ್ತು. ಸ್ಟೀಲ್ ಚಮಚ ಬಾಯಿಗಿಟ್ಟರೆ 'ತುಕ್ಕಿನ ರುಚಿ' ಎಂದು ಮುಖ ತಿರುಗಿಸುತ್ತಿದ್ದಳು. ಪ್ಲಾಸ್ಟಿಕ್ ಚಮಚ ತಂದೆ, ನಾಲ್ಕು ತುತ್ತು ಜಾಸ್ತಿ ಹೋಯಿತು. ಅಂಥ ದಿನ ಆ ನಾಲ್ಕು ತುತ್ತೇ ದೊಡ್ಡದು.

ಹಾಗಂತ ಹಣ್ಣೇ ಮುಟ್ಟಿಸಬಾರದು ಅಂತಲೂ ಅಲ್ಲ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬೇಯಿಸಿದ್ದನ್ನಷ್ಟೇ ತಿಂದ ಲ್ಯುಕೇಮಿಯಾ ರೋಗಿಗಳಿಗೂ ಹಸಿ ಹಣ್ಣು, ತರಕಾರಿ ತಿಂದವರಿಗೂ ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಕೈ, ನೀರು, ಪಾತ್ರೆ ಶುದ್ಧವಾಗಿರುವುದೇ ಮುಖ್ಯ. ಸಿಪ್ಪೆ ಸುಲಿಯುವ ಬಾಳೆ, ಕಿತ್ತಳೆ ನಮ್ಮ ವೈದ್ಯರು ಒಪ್ಪಿದರು. ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು ಬೇಡವೇ ಬೇಡ ಎಂದರು.

ಇಷ್ಟೆಲ್ಲ ತಿಳಿದದ್ದು ನರ್ಸುಗಳನ್ನು, ಡಯಟಿಷಿಯನ್ನರನ್ನು ಬೆನ್ನುಬಿದ್ದು ಕೇಳಿದ್ದರಿಂದ. ನಮ್ಮ ಕೈಗೆ ಕೊಟ್ಟ ಆಹಾರದ ಚೀಟಿ ಇಂಗ್ಲಿಷ್‌ನಲ್ಲಿತ್ತು. ಓಟ್ಸ್, ಬ್ರೊಕೊಲಿ ಇತ್ತು. ರಾಗಿ, ಹೆಸರುಕಾಳು ಇರಲಿಲ್ಲ. ಗ್ರೇಪ್‌ಫ್ರೂಟ್ ಬೇಡ ಎಂದಿತ್ತು, ಅದರ ಹತ್ತಿರದ ಸಂಬಂಧಿಯಾದ ನಮ್ಮ ಚಕ್ಕೋತದ ಸುದ್ದಿಯೇ ಇಲ್ಲ. ಸಿ.ಎಂ.ಎಲ್. ಎಂಬ ಇನ್ನೊಂದು ಬಗೆಯ ಬ್ಲಡ್ ಕ್ಯಾನ್ಸರ್ ಇರುವವರು ನುಂಗುವ ಇಮ್ಯಾಟಿನಿಬ್ ಮಾತ್ರೆಯ ಜೊತೆ ಇಂಥ ಹಣ್ಣು ತಿಂದರೆ ಔಷಧಿ ರಕ್ತದಲ್ಲಿ ಮಿತಿಮೀರಿ ಏರಬಹುದು. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿ ಕಡೆಯ ರೋಗಿಗೆ ಇದನ್ನು ಯಾರು ಹೇಳಬೇಕು?

ಕ್ಯಾನ್ಸರ್ ಚಿಕಿತ್ಸೆ ಕೊಡುವ ಪ್ರತಿ ಆಸ್ಪತ್ರೆಯಲ್ಲೂ ನಮ್ಮ ಅಡುಗೆಮನೆಗೆ ಹೊಂದುವ ಕನ್ನಡದ ಆಹಾರ ಚೀಟಿ ಇರಲಿ. ಅದನ್ನು ಓದಿ ಹೇಳುವ ಡಯಟಿಷಿಯನ್ ವಾರ್ಡಿಗೇ ಬರಲಿ. ಇನ್ನೊಂದು ವಿಷಯ ದುಡ್ಡಿನದು. ಟಿ.ಬಿ. ರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಊಟಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಎ.ಎಲ್.ಎಲ್. ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಕೂಲಿ ಬಿಟ್ಟು ಮಗುವಿನ ಜೊತೆ ಕೂತ ಅಪ್ಪ ಅಮ್ಮನಿಗೆ ಹಾಲು, ಮೊಟ್ಟೆ, ಬೇಳೆಯ ಖರ್ಚಿಗೆ ರಾಜ್ಯ ಸರ್ಕಾರ ಅಷ್ಟಾದರೂ ಕೊಡಬೇಕು. ಆರೋಗ್ಯ ಸಚಿವರು ಮುಂದಿನ ಬಜೆಟ್‌ನಲ್ಲೇ ಇದಕ್ಕೆ ಹಣ ಇಡಿಸಲಿ.

ಇಂತಿ,
ಒಬ್ಬ ತಂದೆ, ತಿಪಟೂರು ತಾಲ್ಲೂಕು