ಗೆದ್ದ ವಾರದ ಮರುವಾರ

ಪ್ರೀತಿಯ ತಮ್ಮನಿಗೆ,

ಅಮೆರಿಕದ ಮೂಲನಿವಾಸಿ ಮಕ್ಕಳ ವಸತಿಶಾಲೆಯಾಗಿದ್ದ ಕಾರ್ಲೈಲ್‌ನ ಅಮೆರಿಕನ್ ಫುಟ್‌ಬಾಲ್ ತಂಡದ 1912ರ ಋತುವಿನ ಬಗ್ಗೆ ನೀನು ಕಳುಹಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ವಿಷಯ ದೊಡ್ಡದು, ನಿನ್ನ ಹುಮ್ಮಸ್ಸೂ ನಿಜವಾದದ್ದು. ಆದರೆ ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ಅವರು ಅಮೆರಿಕದ ಸೈನಿಕ ಅಕಾಡೆಮಿಯನ್ನು 27-6ರಿಂದ ಸೋಲಿಸಿದಲ್ಲಿಗೆ ನೀನು ಬರವಣಿಗೆ ನಿಲ್ಲಿಸಿದ್ದೀಯ. ಮುಂದಿನ ಶನಿವಾರವೇ ಅದೇ ಹುಡುಗರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರು 34-26ರಿಂದ ಸೋತರು. ಇಡೀ ಋತುವಿನಲ್ಲಿ ಅವರು ಸೋತದ್ದು ಅದೊಂದೇ ಪಂದ್ಯ. ಅದನ್ನು ಏಕೆ ಬಿಟ್ಟೆ? ಮೂಲನಿವಾಸಿಗಳು ಸೈನ್ಯದ ಮೇಲೆ ಸೇಡು ತೀರಿಸಿಕೊಂಡರೆಂದು ನೀನು ಕಟ್ಟಿದ ಕಥೆಗೆ ಆ ಸೋಲು ಒಗ್ಗುವುದಿಲ್ಲ, ಅದಕ್ಕೇ ಇರಬೇಕು.

ಸೇಡಿನ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯ ಲಕೋಟಾ ಎಂಬ ಮೂಲನಿವಾಸಿ ಜನರ ಮೇಲೆ ಗುಂಡಿನ ಮಳೆಗರೆದದ್ದು 1890ರ ಡಿಸೆಂಬರ್‌ನಲ್ಲಿ. ಪಂದ್ಯದ ಹೊತ್ತಿಗೆ ಅದಾಗಿ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ಅಂಗಳಕ್ಕಿಳಿದ ಮೂಲನಿವಾಸಿ ಹುಡುಗರಿಗೆ ಅದು ನೆನಪಿರಲಿಲ್ಲ ಎನ್ನಲಾಗದು. ಆದರೆ ಕೋಚ್ ಪಾಪ್ ವಾರ್ನರ್ ಪಂದ್ಯಕ್ಕೆ ಮುನ್ನ ಆಡಿದರೆಂದು ನೀನು ಉದ್ಧರಣ ಚಿಹ್ನೆಯೊಳಗೆ ಕೂರಿಸಿರುವ ಭಾಷಣವನ್ನು ತೆಗೆದುಹಾಕು. ಅದು ಒಬ್ಬೊಬ್ಬರ ಬರಹದಲ್ಲಿ ಒಂದೊಂದು ರೂಪದಲ್ಲಿದೆ. ಬದುಕಿದ್ದ ಮನುಷ್ಯರ ಬಾಯಿಗೆ ನಮ್ಮ ಮಾತನ್ನು ತುರುಕುವ ಹಕ್ಕು ನಮಗಿಲ್ಲ.

ಇನ್ನು ಜಿಮ್ ಥೋರ್ಪ್. ಆ ಬೇಸಿಗೆಯಲ್ಲಷ್ಟೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಐದು ಸ್ಪರ್ಧೆಗಳ ಪೆಂಟಥ್ಲಾನ್, ಹತ್ತು ಸ್ಪರ್ಧೆಗಳ ಡೆಕಥ್ಲಾನ್ ಎರಡನ್ನೂ ಗೆದ್ದು ಬಂದಿದ್ದ ಆಟಗಾರ. ಅವನನ್ನು ಬಿಟ್ಟು ಈ ಋತುವನ್ನು ಬರೆಯಲಾಗದು, ಒಪ್ಪಿದೆ. ಆದರೆ ವೆಸ್ಟ್ ಪಾಯಿಂಟ್‌ನಲ್ಲಿ ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ಒಯ್ದು ಅಂಕ ಪಡೆಯುವುದು) ಗಳಿಸಿದವನು ಅದೇ ತಂಡದ ಅಲೆಕ್ಸ್ ಅರ್ಕಾಸಾ. ಥೋರ್ಪ್‌ನ ಒಂದು ಅದ್ಭುತ ಓಟವನ್ನು ತಂಡದ ತಪ್ಪಿನ ಕಾರಣಕ್ಕೆ ತೀರ್ಪುಗಾರರು ರದ್ದುಮಾಡಿದ್ದರು. ಕಾರ್ಲೈಲ್‌ನ ಜೋ ಗಯಾನ್ ಎದುರಿಗೆ ನಿಂತ ಸೈನಿಕ ಅಕಾಡೆಮಿ ತಂಡದ ನಾಯಕ ತಾಳ್ಮೆಗೆಟ್ಟು ಅವನ ಮೇಲೆರಗಿ ಅಂಗಳದಿಂದ ಹೊರದೂಡಲ್ಪಟ್ಟ. ನಿನ್ನ ಲೇಖನದಲ್ಲಿ ಅರ್ಕಾಸಾನ ಹೆಸರೇ ಇಲ್ಲ, ಗಯಾನ್ ಇಲ್ಲ. ಎದುರಾಳಿಗಳ ಸಾಲಿನಲ್ಲಿದ್ದ ಐಸೆನ್‌ಹೋವರ್‌ಗೆ ಮಾತ್ರ, ಮುಂದೆ ಅಧ್ಯಕ್ಷನಾದವನೆಂಬ ಒಂದೇ ಕಾರಣಕ್ಕೆ, ಇಡೀ ಒಂದು ಪುಟ ಸಂದಿದೆ. ಇದು ನನಗೆ ನೋವುಂಟುಮಾಡಿತು. ಯಾರ ಕಥೆ ಬರೆಯಲು ಹೊರಟೆಯೋ ಅವರಿಗೇ ಜಾಗವಿಲ್ಲವೆಂದರೆ ಹೇಗೆ?

ನಮ್ಮ ಓದುಗರಿಗೆ ಆಟ ಅರ್ಥವಾಗುವಂತೆ ಬರೆ. ಇದು ನಮ್ಮೂರಿನ ಫುಟ್‌ಬಾಲ್ ಅಲ್ಲ, ಅಮೆರಿಕದವರದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಅದಕ್ಕೆ ಹಿಂದಿನ ವರ್ಷ ಆಟದಲ್ಲಿ ಹುಡುಗರು ಸತ್ತು, ಅಧ್ಯಕ್ಷ ರೂಸ್‌ವೆಲ್ಟ್‌ರೇ ಮಧ್ಯೆ ಬರಬೇಕಾಗಿತ್ತು. 1912ರಲ್ಲಿ ನಿಯಮ ಮತ್ತೆ ಬದಲಾಯಿತು: ಹತ್ತು ಗಜ ಮುನ್ನಡೆಯಲು ಮೂರರ ಬದಲು ನಾಲ್ಕು ಅವಕಾಶ, ಟಚ್‌ಡೌನ್‌ಗೆ ಐದರ ಬದಲು ಆರು ಅಂಕ. ದೇಹತೂಕ ಕಡಿಮೆಯಿದ್ದ, ಆದರೆ ಮಿಂಚಿನಂತೆ ಓಡಬಲ್ಲ ಕಾರ್ಲೈಲ್ ಹುಡುಗರಿಗೆ ಇದೆಲ್ಲ ವರವಾಯಿತು. ಇಷ್ಟು ಹೇಳಿದರೆ ಗೆಲುವು ಪವಾಡದಂತೆ ಕಾಣದೆ ಬುದ್ಧಿವಂತಿಕೆಯಂತೆ ಕಾಣುತ್ತದೆ.

ನನ್ನ ಮುಖ್ಯ ಆಕ್ಷೇಪ ಬೇರೆಯದು. ಶಾಲೆಯ ಬಗ್ಗೆ ನೀನು ಬರೆದದ್ದು ಒಂದೇ ವಾಕ್ಯ, ಅದೂ 'ಹೆಸರಾಂತ ವಸತಿಶಾಲೆ' ಎಂದು. ಆ ಶಾಲೆ 1879ರಲ್ಲಿ ಸೈನ್ಯದ ಹಳೆಯ ಬ್ಯಾರಕ್‌ಗಳಲ್ಲಿ ಶುರುವಾಯಿತು. ಮಕ್ಕಳನ್ನು ಮನೆಗಳಿಂದ ದೂರ ಕರೆತಂದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡಿದರೆ ಶಿಕ್ಷಿಸುತ್ತಿದ್ದ ಜಾಗ ಅದು. ಅವರೊಳಗಿನ ಇಂಡಿಯನ್‌ನನ್ನು ಕೊಂದು ಮನುಷ್ಯನನ್ನು ಉಳಿಸಬೇಕೆಂದು ಸ್ಥಾಪಕ ರಿಚರ್ಡ್ ಪ್ರ್ಯಾಟ್ 1892ರಲ್ಲಿ ಬಹಿರಂಗವಾಗಿಯೇ ಹೇಳಿದ್ದ. ಶಾಲೆಯ ಸ್ಮಶಾನದಲ್ಲಿ ಮಕ್ಕಳ ಸಮಾಧಿಗಳಿವೆ. ಅವರ ಅವಶೇಷಗಳನ್ನು ಕುಟುಂಬಗಳು ತಮ್ಮ ನೆಲಕ್ಕೆ ಕೊಂಡೊಯ್ಯುತ್ತಿರುವುದು ಈಚೆಗಷ್ಟೇ. ಈ ನೆಲದ ಮೇಲೆ ನಿಂತು ಆ ಹುಡುಗರು ಆಡಿದರು. ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡ.

ಅವರ ಪ್ರಯಾಣವನ್ನೂ ನೋಡು. ಅಕ್ಟೋಬರ್ 26ರ ಶನಿವಾರ ಜಾರ್ಜ್‌ಟೌನ್ ವಿರುದ್ಧ ಪಂದ್ಯ, 28ರ ಸೋಮವಾರ ಟೊರಾಂಟೊದಲ್ಲಿ ಇನ್ನೊಂದು, ಆ ಶನಿವಾರ ಲೀಹೈ ವಿರುದ್ಧ ಮತ್ತೊಂದು. ದೊಡ್ಡ ಅಂಗಳಗಳ ಟಿಕೆಟ್ ಹಣಕ್ಕಾಗಿ ತಂಡ ಊರೂರು ಸುತ್ತುತ್ತಿತ್ತು. ಆ ಹಣ ಎಲ್ಲಿ ಹೋಯಿತೆಂಬ ಪ್ರಶ್ನೆ 1914ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯವರೆಗೆ ಹೋಯಿತು. ತನಿಖೆ ಬೇಕೆಂದು ವಿದ್ಯಾರ್ಥಿಗಳ ಸಹಿ ಹೊತ್ತ ಮನವಿಯ ಹಿಂದಿದ್ದವನು ಈ ತಂಡದ ಆಟ ನಡೆಸುತ್ತಿದ್ದ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್! ಇಂಥ ಮನುಷ್ಯ ಸಿಕ್ಕಿರುವಾಗ ಕಾಲ್ಪನಿಕ ಭಾಷಣ ನಿನಗೇಕೆ ಬೇಕು?

ಥೋರ್ಪ್‌ನ ಪದಕ ಕಿತ್ತುಕೊಂಡ ಪ್ರಸಂಗ 1913ರದು. ಅವನೊಬ್ಬನೇ ವಿಜೇತನೆಂದು ಮತ್ತೆ ಘೋಷಿಸಿದ್ದು 2022ರಲ್ಲಿ. ಅದು ಇನ್ನೊಂದು ಲೇಖನವಾಗಲಿ, ಇದರಲ್ಲಿ ಎರಡು ಸಾಲು ಸಾಕು.

ಹದಿನಾಲ್ಕು ಪಂದ್ಯ, ಹನ್ನೆರಡು ಗೆಲುವು, ವಾಷಿಂಗ್ಟನ್ ಆ್ಯಂಡ್ ಜೆಫರ್ಸನ್ ಎದುರು ಒಂದು 0-0 ಸಮಬಲ, ಒಂದು ಸೋಲು, ಒಟ್ಟು 504 ಅಂಕ. ಹೊಸ ಕರಡನ್ನು ಆ ಸಮಬಲದ ಪಂದ್ಯದಿಂದ ಶುರುಮಾಡಿ ನೋಡು. ಪೆನ್ಸಿಲ್ವೇನಿಯಾ ಪಂದ್ಯಕ್ಕೆ ವೆಸ್ಟ್ ಪಾಯಿಂಟ್‌ಗೆ ಕೊಟ್ಟಷ್ಟೇ ಪುಟ ಕೊಡು. ಆಟಗಾರರನ್ನು ಬರಿಯ 'ಇಂಡಿಯನ್ನರು' ಎನ್ನದೆ ಯಾರು ಯಾವ ಜನಾಂಗದವರೆಂದು ಬರೆ: ಥೋರ್ಪ್ ಸ್ಯಾಕ್ ಆ್ಯಂಡ್ ಫಾಕ್ಸ್, ವೆಲ್ಚ್ ಮತ್ತು ಗಯಾನ್ ಒಜಿಬ್ವೆ. ಉಳಿದವರದನ್ನು ನೀನೇ ಹುಡುಕು. ದೀಪಾವಳಿಯ ಒಳಗೆ ಕಳುಹಿಸಿದರೆ ಸಾಲು ಸಾಲಾಗಿ ಕೂತು ನೋಡೋಣ.

ಇಂತಿ,
ನಿನ್ನ ಅಣ್ಣನಂಥ ಗೆಳೆಯ