‘ದೌ’ ಎಂದರೆ ‘ತಾವು’ ಅಲ್ಲ: ಕಿರಿಯ ಅನುವಾದಕರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನಮಸ್ಕಾರ. ನಿಮ್ಮ ‘ಹ್ಯಾಮ್ಲೆಟ್’ ಅನುವಾದದ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ನಿಮ್ಮ ಕನ್ನಡದಲ್ಲಿ ಕಸುವಿದೆ. ಸಂಭಾಷಣೆಗಳನ್ನು ನಟರು ಬಾಯಿಗೆ ತಂದುಕೊಳ್ಳಲು ಕಷ್ಟಪಡಬೇಕಾಗಿಲ್ಲ. ಆದರೆ ಮೂಲದ ಇಂಗ್ಲಿಷಿನಲ್ಲಿ ‘ದೌ’ (thou) ಬಂದಲ್ಲೆಲ್ಲ ನೀವು ‘ತಾವು’ ಎಂದೂ ‘ಯೂ’ (you) ಬಂದಲ್ಲೆಲ್ಲ ‘ನೀನು’ ಎಂದೂ ಬರೆದಿದ್ದೀರಿ. ಹಳೆಯ ಪದ, ದೇವರ ಪ್ರಾರ್ಥನೆಯಲ್ಲಿ ಕೇಳಿಸುವ ಪದ, ಆದ್ದರಿಂದ ಗೌರವದ ಪದವೇ ಇರಬೇಕೆಂದು ನೀವು ಭಾವಿಸಿದಂತೆ ತೋರುತ್ತದೆ. ವಾಸ್ತವ ಇದಕ್ಕೆ ತೀರ ವಿರುದ್ಧವಾಗಿರುವುದರಿಂದಲೇ ಈ ಕಾಗದ ಬರೆಯುತ್ತಿದ್ದೇನೆ.

‘ದೌ’ ಎಂದರೆ ನೀನು, ‘ದೀ’ ಎಂದರೆ ನಿನ್ನನ್ನು ಅಥವಾ ನಿನಗೆ. ‘ಯೀ’ ಎಂದರೆ ನೀವು, ‘ಯೂ’ ಎಂದರೆ ನಿಮ್ಮನ್ನು ಅಥವಾ ನಿಮಗೆ. ಮೊದಲು ಇವು ಬರಿಯ ಏಕವಚನ, ಬಹುವಚನಗಳಾಗಿದ್ದವು. 13ನೆಯ ಶತಮಾನದಿಂದೀಚೆಗೆ, ಫ್ರೆಂಚ್ ಭಾಷೆಯ ಪ್ರಭಾವದಿಂದ, ಒಬ್ಬನೇ ವ್ಯಕ್ತಿಯನ್ನು ಗೌರವಿಸಲು ಬಹುವಚನ ಬಳಸುವ ರೂಢಿ ಬೆಳೆಯಿತು. ಕಾಲಕ್ರಮದಲ್ಲಿ ‘ಯೂ’ ತಾನೇ ಕರ್ತೃಪದವೂ ಆಗಿ ‘ಯೀ’ಯನ್ನು ಹೊರದೂಡಿತು; ‘ನಿಮ್ಮನ್ನು’ ಎಂಬುದು ಬಂದು ‘ನೀವು’ವಿನ ಜಾಗದಲ್ಲಿ ಕುಳಿತಂತೆ. 17ನೆಯ ಶತಮಾನ ಮುಗಿಯುವ ಹೊತ್ತಿಗೆ ಶಿಷ್ಟ ಇಂಗ್ಲಿಷಿನ ಆಡುಮಾತಿನಿಂದ ‘ದೌ’ ಬಹುಮಟ್ಟಿಗೆ ಮರೆಯಾಯಿತು.

ಶೇಕ್ಸ್‌ಪಿಯರನ ಕಾಲದಲ್ಲಿ ಇವೆರಡೂ ಜೀವಂತವಾಗಿದ್ದವು. ಆಪ್ತರಿಗೆ, ಮಕ್ಕಳಿಗೆ, ಆಳುಗಳಿಗೆ ‘ದೌ’. ಹಿರಿಯರಿಗೆ, ಅಷ್ಟಾಗಿ ಸಲಿಗೆ ಇಲ್ಲದವರಿಗೆ ‘ಯೂ’. ಸಲಿಗೆಯಿಲ್ಲದವನಿಗೆ ‘ದೌ’ ಎಂದರೆ ಅವಮಾನ. 1603ರಲ್ಲಿ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್, ಆ ಗಣ್ಯನನ್ನು ತುಂಬಿದ ನ್ಯಾಯಸಭೆಯಲ್ಲಿ ಬೇಕೆಂದೇ ‘ದೌ’ ಎಂದು ಕರೆದು, ಹಾಗೆ ಕರೆಯುತ್ತಿರುವುದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. ‘ಏಕವಚನದಲ್ಲಿ ಮಾತಾಡಿಸಿದ’ ಎಂದು ನಾವು ದೂರುವುದು ಇದನ್ನೇ ಅಲ್ಲವೇ?

ಹಾಗಾದರೆ ದೇವರಿಗೇಕೆ ‘ದೌ’? 1611ರ ಇಂಗ್ಲಿಷ್ ಬೈಬಲ್ ಮೂಲಭಾಷೆಗಳ ವಚನಭೇದವನ್ನು ಹಾಗೆಯೇ ಉಳಿಸಿಕೊಂಡಿತು. ಅಲ್ಲಿ ದೇವರೂ ‘ದೌ’, ರಾಜನೂ ‘ದೌ’, ಕಳ್ಳನೂ ‘ದೌ’. ಬೇರೆಡೆ ಈ ಪದ ಬಹುಮಟ್ಟಿಗೆ ಅಳಿದು ಮುಖ್ಯವಾಗಿ ಪ್ರಾರ್ಥನೆಯಲ್ಲಿ ಉಳಿದದ್ದರಿಂದ, ನಂತರದವರ ಕಿವಿಗೆ ಅದು ಘನಗಂಭೀರವಾಗಿ ಕೇಳತೊಡಗಿತು. ಕನ್ನಡಿಗರಿಗೆ ಇದು ತೊಡಕಾಗಬೇಕಿಲ್ಲ. ಬಸವಣ್ಣನವರು ಕೂಡಲಸಂಗಮದೇವನನ್ನು ‘ನೀನು’ ಎಂದೇ ಕರೆದರು, ದಾಸರು ವಿಠಲನನ್ನು ‘ನೀನು’ ಎಂದೇ ಹಾಡಿದರು.

ಈಗ ನಿಮ್ಮ ಮೂರನೆಯ ಅಂಕದ ನಾಲ್ಕನೆಯ ದೃಶ್ಯಕ್ಕೆ ಬನ್ನಿ. ತಾನು ಮರುಮದುವೆಯಾದ ಕ್ಲಾಡಿಯಸನನ್ನು ಮನಸ್ಸಿನಲ್ಲಿಟ್ಟುಕೊಂಡು, ಹ್ಯಾಮ್ಲೆಟನ ತಾಯಿಯಾದ ರಾಣಿ, ‘ಹ್ಯಾಮ್ಲೆಟ್, ನೀನು ನಿನ್ನ ತಂದೆಯನ್ನು ಬಹಳ ನೋಯಿಸಿದ್ದೀಯೆ’ ಎನ್ನುತ್ತಾಳೆ. ಮೂಲದಲ್ಲಿರುವುದು ‘ದೌ’, ತಾಯಿಯ ಸಹಜ ಸಲುಗೆ. ಸತ್ತ ತಂದೆಯನ್ನು ನೆನೆದು ಮಗ, ‘ಅಮ್ಮಾ, ನೀವು ನನ್ನ ತಂದೆಯನ್ನು ಬಹಳ ನೋಯಿಸಿದ್ದೀರಿ’ ಎಂದು ‘ಯೂ’ವಿನಲ್ಲಿ ಉತ್ತರಿಸುತ್ತಾನೆ. ಮಾತೆಲ್ಲ ಹೆಚ್ಚುಕಡಿಮೆ ಅದೇ, ಬದಲಾದದ್ದು ಸರ್ವನಾಮ ಮತ್ತು ಯಾವ ತಂದೆ ಎಂಬುದು. ಮರುಮಾತಿನಲ್ಲಿ ತಾಯಿಯೂ ‘ದೌ’ ಬಿಟ್ಟು ‘ಯೂ’ಗೆ ಜಿಗಿಯುತ್ತಾಳೆ. ಮುನಿಸಿಕೊಂಡ ತಾಯಿ ಮಗನಿಗೆ ‘ಆಯಿತಪ್ಪಾ, ನೀವು ದೊಡ್ಡವರು’ ಎನ್ನುವುದನ್ನು ಕೇಳಿದ ಯಾವ ಕನ್ನಡಿಗನಿಗೂ ಆ ಕ್ಷಣದಲ್ಲಿ ಬಿದ್ದ ಅಂತರ ಎಷ್ಟೆಂದು ವಿವರಿಸಬೇಕಾಗಿಲ್ಲ. ಇಂದಿನ ಇಂಗ್ಲಿಷ್ ಓದುಗರಿಗೆ ಅಡಿಟಿಪ್ಪಣಿ ಬೇಕಾಗುವ ಜಾಗದಲ್ಲಿ ನಿಮ್ಮ ಪ್ರೇಕ್ಷಕರಿಗೆ ಎರಡು ಅಕ್ಷರ ಸಾಕು. ನಿಮ್ಮ ಅನುವಾದದಲ್ಲಿ ಆ ಎರಡು ಅಕ್ಷರ ತಲೆಕೆಳಗಾಗಿವೆ ಎಂಬುದೇ ನನ್ನ ಸಂಕಟ.

ಇದೇ ಬಗೆಯ ಇನ್ನೊಂದು ಕುಟುಂಬವಿದೆ. ‘ಹಿಯರ್, ಹಿದರ್, ಹೆನ್ಸ್’ ಎಂದರೆ ಇಲ್ಲಿ, ಇಲ್ಲಿಗೆ, ಇಲ್ಲಿಂದ. ‘ದೇರ್, ದಿದರ್, ದೆನ್ಸ್’ ಎಂದರೆ ಅಲ್ಲಿ, ಅಲ್ಲಿಗೆ, ಅಲ್ಲಿಂದ. ‘ವೇರ್, ವಿದರ್, ವೆನ್ಸ್’ ಎಂದರೆ ಎಲ್ಲಿ, ಎಲ್ಲಿಗೆ, ಎಲ್ಲಿಂದ. ಇಂಗ್ಲಿಷಿನವರು ಈ ಒಂಬತ್ತರಲ್ಲಿ ಆರನ್ನು ನಿತ್ಯದ ಮಾತಿನಿಂದ ಬಹುತೇಕ ಕೈಬಿಟ್ಟರು. ‘ಹೆನ್ಸ್’ ಮಾತ್ರ ‘ಆದ್ದರಿಂದ’ ಎಂಬ ಅರ್ಥದಲ್ಲಿ ಗಟ್ಟಿಯಾಗಿ ನಿಂತಿದೆ. ನಮ್ಮಲ್ಲಿ ಒಂಬತ್ತೂ ದಿನಬಳಕೆಯಲ್ಲಿವೆ. ‘ವೆನ್ಸ್’ನಲ್ಲಿಯೇ ‘ಇಂದ’ ಅಡಗಿರುವುದರಿಂದ ಅದಕ್ಕೆ ಮೊದಲು ‘ಫ್ರಮ್’ ಸೇರಿಸುವುದು ‘ಎಲ್ಲಿಂದದಿಂದ’ ಎಂದಂತೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ 1611ರ ಬೈಬಲಿನ 121ನೆಯ ಕೀರ್ತನೆಯಲ್ಲೇ ಆ ಪ್ರಯೋಗವಿದೆ, ಅದನ್ನು ತಪ್ಪೆಂದು ತಳ್ಳಿಹಾಕಬೇಡಿ.

‘ವೇರ್‌ಫೋರ್’ ಮಾತ್ರ ಈ ಸಾಲಿಗೆ ಸೇರಿದ್ದಲ್ಲ; ಅದರ ಅರ್ಥ ‘ಏಕೆ’. ನಾನು ಮೊದಲ ಸಲ ‘ರೋಮಿಯೋ ಅಂಡ್ ಜೂಲಿಯೆಟ್’ನ ದೃಶ್ಯವೊಂದನ್ನು ಕನ್ನಡಿಸಿದಾಗ, ಆ ಪದವಿರುವ ಜೂಲಿಯೆಟಳ ಪ್ರಸಿದ್ಧ ಮಾತನ್ನು ‘ರೋಮಿಯೋ, ಎಲ್ಲಿರುವೆ?’ ಎಂದು ಬರೆದಿದ್ದೆ. ಅದು ಅಚ್ಚಾಗಿಯೂ ಹೋಯಿತು. ಅವಳು ಕೇಳುತ್ತಿರುವುದು ‘ನೀನು ರೋಮಿಯೋ ಏಕಾದೆ?’ ಎಂದು, ಅಂದರೆ ವೈರಿಯ ಮನೆತನದ ಆ ಹೆಸರು ನಿನಗೇಕೆ ಬಂತು ಎಂದು. ಮುಂದಿನ ಸಾಲುಗಳೆಲ್ಲ ಹೆಸರಿನ ಬಗ್ಗೆಯೇ ಇದ್ದರೂ ನನಗೆ ಹೊಳೆಯಲಿಲ್ಲ. ಆ ಪುಟ ನೆನಪಾದರೆ ಇಂದಿಗೂ ನೋವಾಗುತ್ತದೆ.

ಇನ್ನೊಂದು ಮಾತು. ಮೂಲ ಹಳೆಯದೆಂದು ನೀವು ಅಲ್ಲಲ್ಲಿ ‘ನೀಂ’, ‘ಪೋಪೆ’ ಎಂದು ಹಳಗನ್ನಡ ತುಂಬಿದ್ದೀರಿ. ಅದು ಬೇಡ. ‘ದೌ’ ಅಂದಿನವರಿಗೆ ಹಳೆಯದಾಗಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ ಆಡುತ್ತಿದ್ದ ಮಾತಾಗಿತ್ತು. ಅದಕ್ಕೆ ಸಮನಾದದ್ದು ನಿಮ್ಮ ತಾಯಿ ನಿಮ್ಮನ್ನು ಕರೆಯುವ ‘ನೀನು’.

ಮೊದಲು ಮೂರನೆಯ ಅಂಕವೊಂದನ್ನೇ ಕೈಗೆತ್ತಿಕೊಳ್ಳಿ. ಪ್ರತಿ ‘ದೌ’ ಮತ್ತು ‘ಯೂ’ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಯಾರು ಯಾರಿಗೆ ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಹ್ಯಾಮ್ಲೆಟ್ ಹೊರೇಷಿಯೋಗೆ ಏನೆನ್ನುತ್ತಾನೆ, ಹೊರೇಷಿಯೋ ತಿರುಗಿ ಏನೆನ್ನುತ್ತಾನೆ ಎಂಬುದನ್ನೂ ಗಮನಿಸಿ. ತಿದ್ದಿದ ಪುಟಗಳನ್ನು ಕಳುಹಿಸಿದರೆ ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡಿಕೊಡುತ್ತೇನೆ.

ಇಂತು ನಿಮ್ಮ ಹಿತೈಷಿ