ಸಂಶೋಧನಾ ಪೇಪರಿನಲ್ಲಿ ಹೆಸರು ಬರದವರಿಗೆ

ಈ ತಿಂಗಳ ಕೊನೆಗೆ ನನ್ನ ಭೌತಶಾಸ್ತ್ರದ ಲ್ಯಾಬ್ ಬೇರೆಯವರ ಕೈಗೆ ಹೋಗುತ್ತದೆ. ಬೀಳ್ಕೊಡುಗೆಯ ದಿನ ಎಲ್ಲರೂ ನನ್ನ ಬಗ್ಗೆಯೇ ಮಾತಾಡಿದರು. ಕೇಳಲು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ! ಆದರೆ ಅಲ್ಲಿ ಹೇಳಬೇಕಿದ್ದ ಮುಖ್ಯ ಮಾತುಗಳು ಹಾಗೇ ಉಳಿದವು. ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಇಷ್ಟೇ. ಒಂದು ಹರಳನ್ನು ಆದಷ್ಟು ತಣ್ಣಗೆ ಮಾಡುವುದು, ಅದಕ್ಕೆ ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಅಂಟಿಸುವುದು, ಒಳಗೆ ಎಲೆಕ್ಟ್ರಾನುಗಳು ಒಟ್ಟಾಗಿ ಹೇಗೆ ನಡೆದುಕೊಳ್ಳುತ್ತವೆ ಅಂತ ಅಳೆಯುವುದು. ಇದರಲ್ಲಿ ಒಬ್ಬರೇ ಮಾಡುವಂಥದ್ದು ಏನೂ ಇಲ್ಲ. 1911ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ಪಾದರಸದ ವಿದ್ಯುತ್ ರೋಧ 4.2 ಕೆಲ್ವಿನ್ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಹತ್ತಿರ ಇದ್ದಕ್ಕಿದ್ದಂತೆ ಮಾಯವಾದಾಗ ಅಳತೆ ತೆಗೆಯುತ್ತಿದ್ದವರು ಗಿಲ್ಸ್ ಹೋಲ್ಸ್ಟ್. ತಣಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ಗೆರಿಟ್ ಫ್ಲಿಮ್. ಪ್ರಬಂಧದಲ್ಲಿ ಲೇಖಕರಾಗಿ ಇದ್ದದ್ದು ಲ್ಯಾಬಿನ ಮುಖ್ಯಸ್ಥ ಕಾಮರ್ಲಿಂಗ್ ಓನ್ಸ್ ಒಬ್ಬರೇ. ಆ ಕಾಲದ ರೂಢಿ ಹಾಗಿತ್ತು. ಈಗ ಲೇಖಕರ ಪಟ್ಟಿ ಉದ್ದವಾಗಿದೆ, ಆದರೂ ವರ್ಕ್‌ಶಾಪಿನವರ ಹೆಸರು ಬಹಳ ಸಲ ಕೊನೆಯ ಕೃತಜ್ಞತೆಯ ಸಾಲಿನಲ್ಲೇ ನಿಂತುಬಿಡುತ್ತದೆ.

ಹಾಗಾಗಿ ಮೊದಲ ಸಲಾಮು ವರ್ಕ್‌ಶಾಪಿನ ನಿಮಗೆ. ಹರಳನ್ನು ತಣಿಸುವ ನಮ್ಮ ಯಂತ್ರ, ಡೈಲ್ಯೂಷನ್ ಫ್ರಿಜ್, ತಣ್ಣಗಾಗಲು ಒಪ್ಪದೆ ನಿಂತ ಆ ಕಾಲ ನೆನಪಿದೆ ಅಲ್ವಾ? ಕೋಣೆಯ ಉಷ್ಣತೆಯಲ್ಲಿ ಲೀಕ್ ಡಿಟೆಕ್ಟರ್ ಹಿಡಿದರೆ ಏನೂ ಕಾಣುತ್ತಿರಲಿಲ್ಲ. ತಣಿಸಿದರೆ ಮಾತ್ರ ಸೋರಿಕೆ. ತಣಿಸಲು ಬಳಸುವ ಹೀಲಿಯಂ ದ್ರವ 2.17 ಕೆಲ್ವಿನ್‌ಗಿಂತ ಕೆಳಗೆ ಸೂಪರ್‌ಫ್ಲೂಯಿಡ್, ಅಂದರೆ ತಡೆಯೇ ಇಲ್ಲದೆ ಹರಿಯುವ ದ್ರವ, ಆಗುತ್ತದೆ. ಆಮೇಲೆ ಅನಿಲಕ್ಕೂ ದಾರಿ ಕೊಡದ ಬಿರುಕಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ. ಪ್ರತಿ ಪರೀಕ್ಷೆಗೂ ದಿನಗಟ್ಟಲೆ ತಣಿಸಬೇಕು, ಮತ್ತೆ ದಿನಗಟ್ಟಲೆ ಬಿಸಿ ಮಾಡಬೇಕು. ನಮ್ಮ ಪ್ರಾಜೆಕ್ಟಿನ ಹಣ ಮುಗಿಯುತ್ತಾ ಬಂದಿತ್ತು, ಹೊಸ ಯಂತ್ರ ಕೇಳಿ ಅಂತ ಬುದ್ಧಿ ಹೇಳುವವರು ಜಾಸ್ತಿಯಾಗಿದ್ದರು. ನೀವು ಮಾತ್ರ ಪ್ರತಿ ಕೊಳವೆಗೂ ಒಂದೊಂದು ಮುಚ್ಚಳ ಕಡೆದು ತಂದಿರಿ. ಒಂದನ್ನು ಮುಚ್ಚಿ ತಣಿಸುವುದು, ಸೋರಿದರೆ ಇನ್ನೊಂದನ್ನು ಮುಚ್ಚುವುದು. ಕೊನೆಗೆ ಸ್ಟೀಲು ತಾಮ್ರ ಸೇರುವ ಒಂದು ಬೆಸುಗೆ ಸಿಕ್ಕಿತು. ತಣ್ಣಗಾದಾಗ ಎರಡು ಲೋಹ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲವಲ್ಲ, ಅಲ್ಲೇ ಬಾಯಿ ಬಿಡುತ್ತಿತ್ತು. ನನಗೆ ಜನ ಹೊಗಳುವ ಅಳತೆಗಳೆಲ್ಲ ಆ ಬೆಸುಗೆ ಸರಿಯಾದ ಮೇಲೆ ಬಂದವು.

ಹೀಲಿಯಂ ಪ್ಲಾಂಟಿನವರಿಗೂ ಹಾಗೇ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 750 ಲೀಟರ್ ಅನಿಲ. ಗಾಳಿಗೆ ಬಿಟ್ಟರೆ ಅದು ಮತ್ತೆ ನಮಗಿಲ್ಲ. ರಾತ್ರಿ ಕಂಪ್ರೆಸರ್ ನಿಂತಾಗ ಎದ್ದು ಬಂದು ಅನಿಲ ಉಳಿಸಿದವರು ನೀವು.

ಹರಳು ಬೆಳೆಸುವವರ ಬಗ್ಗೆ ಎಷ್ಟು ಬರೆದರೂ ಸಾಲದು. ಎಲೆಕ್ಟ್ರಾನುಗಳು ಒಟ್ಟಾಗಿ, ತಮ್ಮ ಚಾರ್ಜಿನ ಒಂದು ಭಾಗವಷ್ಟೇ ಇರುವ ಕಣಗಳಂತೆ ನಡೆದುಕೊಳ್ಳುವುದನ್ನು ತೋರಿಸಿದ 1982ರ ಭಿನ್ನಾಂಕ ಕ್ವಾಂಟಮ್ ಹಾಲ್ ಪರಿಣಾಮದ ಹಿಂದೆ ಆರ್ಟ್ ಗೊಸ್ಸಾರ್ಡ್ ಬೆಳೆಸಿದ ಸ್ಯಾಂಪಲ್ ಇತ್ತು. ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಮೇಲೆ ಕೆಲಸ ಮಾಡುವ ನೂರಾರು ಲ್ಯಾಬುಗಳು ಜಪಾನಿನ ತನಿಗುಚಿ, ವಾತನಾಬೆ ಕೊಡುವ ಬೋರಾನ್ ನೈಟ್ರೈಡ್ ಹರಳು ಬಳಸುತ್ತವೆ. ನಾನೂ ಇಂಥದೇ ಉದಾರಿಗಳಿಂದ ಬದುಕಿದವರ ಪೈಕಿ. ವಾರಗಟ್ಟಲೆ ಕುಲುಮೆ ಕಾದು ಪಡೆದ ಚೂರುಗಳನ್ನು ಸುಮ್ನೆ ಅಂಚೆಗೆ ಹಾಕಿ ಕಳಿಸಿದಿರಿ. ನಮ್ಮ ಮೊದಲ ತಂತಿ ಹಾಕುವ ಕಸರತ್ತಿನಲ್ಲಿ ಒಡೆದ ಹರಳುಗಳ ಲೆಕ್ಕ ಕೇಳಲಿಲ್ಲ, ಅದಕ್ಕೂ ಥ್ಯಾಂಕ್ಸ್.

ವಿದ್ಯಾರ್ಥಿಗಳಲ್ಲಿ ಒಬ್ಬಳನ್ನು ಮಾತ್ರ ಬೇರೆಯಾಗಿ ನೆನೆಯುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಅವಳ ಸ್ಯಾಂಪಲ್‌ನಲ್ಲಿ ರೋಧ ಸೊನ್ನೆಗೆ ಬಿದ್ದ ದಿನ ಇಡೀ ಗುಂಪು ಕುಣಿದಿತ್ತು. ರೋಧವೇ ಇಲ್ಲದೆ ಕರೆಂಟ್ ಹರಿಸುವ ಹೊಸ ಸೂಪರ್‌ಕಂಡಕ್ಟರ್! ಅವಳು ಮಾತ್ರ ಗ್ರಾಫ್ ನೋಡಿ ಸುಮ್ಮನಿದ್ದಳು. ಅದೇ ಹರಳಿಗೆ ಬೇರೆ ಜಾಗಗಳಲ್ಲಿ ತಂತಿ ಹಾಕಿ ಮತ್ತೆ ತಣಿಸಿದಳು. ಸೊನ್ನೆ ಹೋಯಿತು. ಸೂಪರ್‌ಕಂಡಕ್ಟರ್‌ಗೆ ಇರಬೇಕಾದ, ಕಾಂತಕ್ಷೇತ್ರವನ್ನು ಹೊರದೂಡುವ ಗುಣ ಇದೆಯಾ ಅಂತ ನೋಡಿದಳು, ಅದೂ ಇರಲಿಲ್ಲ. ಹರಳಿನೊಳಗೆ ಕರೆಂಟ್ ದಾರಿ ಬದಲಿಸಿ, ವೋಲ್ಟೇಜ್ ಅಳೆಯುವ ಎರಡು ತಂತಿಗಳನ್ನು ತಪ್ಪಿಸಿಕೊಂಡು ಹೋಗುತ್ತಿತ್ತು, ಅಷ್ಟೇ. ಅವಳ ಥೀಸಿಸ್‌ನಲ್ಲಿ ಆ ಅಧ್ಯಾಯ ಇದೆ. ಅದನ್ನು ಉದಾಹರಿಸುವವರು ಕಡಿಮೆ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ನಾನು ಮೊದಲು ಓದಲು ಕೊಟ್ಟದ್ದು ಅದನ್ನೇ.

ಥಿಯರಿಯ ಗೆಳೆಯರಿಗೂ ಥ್ಯಾಂಕ್ಸ್. ಗ್ರಾಫ್ ಮೇಲೆ ಹೋದರೂ ಕೆಳಗೆ ಹೋದರೂ ನಿಮ್ಮಲ್ಲಿ ವಿವರಣೆ ತಯಾರಿರುತ್ತಿತ್ತು! ಪ್ರಯೋಗ ನಡೆಯುವಾಗ ಊಟಕ್ಕೆ ಕಾದು ಕಾದು ಮಲಗಿದ ಮನೆಯವರಿಗೆ ಏನು ಹೇಳಲಿ, ಎದುರಿಗೇ ಹೇಳುತ್ತೇನೆ.

ಬೀರುವಿನಲ್ಲಿ ಇನ್ನೂ ಅಳೆಯದ ಹರಳುಗಳಿವೆ. ಯಾರು ಬೆಳೆಸಿದ್ದು, ಯಾವಾಗ, ಹೇಗೆ ಅಂತ ಡಬ್ಬಿಗಳ ಮೇಲೆ ಬರೆದಿಟ್ಟಿದ್ದೇನೆ. ಬೇಕಾದವರು ಕೇಳಿ, ಕಳಿಸುತ್ತೇನೆ. ಪೇಪರ್ ಆದರೆ ಡಬ್ಬಿಯ ಮೇಲಿರುವ ಹೆಸರನ್ನು ಲೇಖಕರ ಪಟ್ಟಿಯಲ್ಲಿ ಸೇರಿಸಿ. ನನ್ನದು ಬೇಡ.